ಸರದಿಗೆ ಬಂದ ಅಧ್ಯಾಯ

ಹುಡುಗ ಸೇಬು ತಿನ್ನುತ್ತ ಕೂತಿದ್ದ. ಹೆಸರು ಸ್ಯಾಮ್, ವಯಸ್ಸು 11. ಊರು ಅಮೆರಿಕದ ಬಾಸ್ಟನ್, 1690ರ ಜನವರಿ. ಊರಲ್ಲಿ 9 ವರ್ಷದ ಹುಡುಗನೊಬ್ಬ ಸಿಡುಬಿನಿಂದ ತೀರಿಕೊಂಡ ಸುದ್ದಿಯನ್ನು ಅಪ್ಪ ಅವನಿಗೆ ಹೇಳಿದ. ಹೇಳಿ ಸುಮ್ಮನಾಗಲಿಲ್ಲ. ನೀನೂ ಸಾವಿಗೆ ಸಿದ್ಧನಾಗಿರಬೇಕು, ಕರ್ತನ ಪ್ರಾರ್ಥನೆಯನ್ನು ಬಾಯಿಪಾಠ ಒಪ್ಪಿಸಿದ ಹಾಗೆ ಹೇಳಿ ಮುಗಿಸಬಾರದು, ನಿಜವಾಗಿ ಪ್ರಾರ್ಥಿಸಬೇಕು ಅಂದ. ಹುಡುಗ ಅಷ್ಟೇನೂ ಮನಸ್ಸಿಗೆ ಹಚ್ಚಿಕೊಂಡಂತೆ ಕಾಣಲಿಲ್ಲ, ಸೇಬು ತಿನ್ನುತ್ತಿದ್ದ ಎಂದು ಅಪ್ಪನೇ ದಿನಚರಿಯಲ್ಲಿ ಬರೆದಿದ್ದಾನೆ. ಆಮೇಲೆ ಪ್ರಾರ್ಥನೆಗೆ ಕೂತರು. 'ನಮ್ಮ ತಂದೆಯೇ' ಅನ್ನುವಲ್ಲಿಗೆ ಬಂದದ್ದೇ ತಡ, ಹುಡುಗ ಬಿಕ್ಕಿ ಬಿಕ್ಕಿ ಅತ್ತ. ಏನಾಯಿತೋ ಎಂದು ಕೇಳಿದರೆ, ಸತ್ತುಹೋಗುತ್ತೇನೆಂದು ಭಯವಾಗುತ್ತಿದೆ ಅಂದ. ಅಪ್ಪ ಅವನ ಜೊತೆ ಪ್ರಾರ್ಥಿಸಿದ. 'ಮರಣವೇ, ನಿನ್ನ ವಿಷದ ಕೊಂಡಿ ಎಲ್ಲಿ' ಎಂಬಂಥ ಸಮಾಧಾನದ ವಚನಗಳನ್ನು ಓದಿ ಹೇಳಿದ.

ಕನ್ನಡದಲ್ಲಿ ನಾವು 'ಪರಲೋಕದಲ್ಲಿರುವ ನಮ್ಮ ತಂದೆಯೇ' ಅನ್ನುತ್ತೇವೆ. ಪರಲೋಕ ಮೊದಲು, ತಂದೆ ಆಮೇಲೆ. ಇಂಗ್ಲಿಷಿನಲ್ಲಿ ತಂದೆಯೇ ಮೊದಲು. ಅಂದರೆ ಆ ಹುಡುಗನಿಗೆ ಪ್ರಾರ್ಥನೆಯೊಳಗೆ ಎರಡು ಹೆಜ್ಜೆ ಇಡುವುದಕ್ಕೂ ಆಗಲಿಲ್ಲ.

ಇದನ್ನು ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂದಿತ್ತು. ಸೇಬು ತಿನ್ನುವ ಮಗುವಿನ ಮುಂದೆ ಇಂಥ ಮಾತು ತೆಗೆಯುವ ಅಪ್ಪ ಎಂಥವನು? ಆ ಅಪ್ಪನ ಹೆಸರು ಸ್ಯಾಮ್ಯುಯೆಲ್ ಸೂವಲ್. ಇಂಗ್ಲೆಂಡಿನಲ್ಲಿ ಹುಟ್ಟಿ, ಬಾಲಕನಾಗಿದ್ದಾಗಲೇ ಹಡಗು ಹತ್ತಿ ಬಂದು, ಹಾರ್ವರ್ಡಿನಲ್ಲಿ ಓದಿ, ವ್ಯಾಪಾರಿಯಾಗಿ, ನ್ಯಾಯಾಧೀಶನಾಗಿ ಬಾಳಿದವನು. 1674ರಿಂದ 1729ರವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ದಿನಚರಿ ಬರೆದ. ಹೆಂಡತಿ ಹ್ಯಾನ್ನಾ 14 ಸಲ ಹೆತ್ತಳು. ಅಪ್ಪ ಕಣ್ಮುಚ್ಚುವಾಗ ಉಳಿದಿದ್ದವರು ಮೂವರು. ಸಿಡುಬಿನ ಮಾತು ಅವನಿಗೆ ಉಪದೇಶಕ್ಕೆಂದು ಹುಡುಕಿ ತಂದ ದೃಷ್ಟಾಂತವಾಗಿರಲಿಲ್ಲ. ಪಕ್ಕದ ಬೀದಿಯ ಸುದ್ದಿಯಾಗಿತ್ತು.

ಆದರೂ ಸಾವು ಹತ್ತಿರವಿತ್ತು ಎಂಬುದೊಂದೇ ಉತ್ತರ ಸಾಲದು. ಮಕ್ಕಳು ಆಗ ಎಲ್ಲ ಮತದವರ ಮನೆಯಲ್ಲೂ ಸಾಯುತ್ತಿದ್ದರು. ಕ್ಯಾಥೊಲಿಕ್ ಮನೆಯಲ್ಲಿ ಸತ್ತವರಿಗಾಗಿ ಪೂಜೆ ಹೇಳಿಸಬಹುದಿತ್ತು, ಸಂತರಲ್ಲಿ ಮೊರೆಯಿಡಬಹುದಿತ್ತು. ಸತ್ತ ಮೇಲೂ ಬದುಕಿರುವವರು ಮಾಡಬಹುದಾದ ಕೆಲಸ ಒಂದಿಷ್ಟು ಉಳಿದಿರುತ್ತಿತ್ತು. ಪ್ರಾಟೆಸ್ಟಂಟರು ಅದನ್ನೆಲ್ಲ ತೆಗೆದುಹಾಕಿದರು. ಸತ್ತವರ ಆತ್ಮ ಪಾಪ ತೊಳೆದುಕೊಳ್ಳುವ ಶುದ್ಧೀಕರಣ ಸ್ಥಳವಿಲ್ಲ, ಸತ್ತವರಿಗೆ ಪೂಜೆಯಿಲ್ಲ. ಜೀವ ಹೋದಮೇಲೆ ಅಪ್ಪ ಅಮ್ಮನ ಕೈಯಲ್ಲಿ ಏನೂ ಇಲ್ಲ. ಅದರ ಮೇಲೆ ನ್ಯೂ ಇಂಗ್ಲೆಂಡಿನ, ಅಂದರೆ ಬಾಸ್ಟನ್ ಸೀಮೆಯ, ಪ್ಯೂರಿಟನ್ನರೆಂಬ ಕಟ್ಟಾ ಪ್ರಾಟೆಸ್ಟಂಟರದು ಸುಧಾರಕ ಕ್ಯಾಲ್ವಿನನ ದಾರಿ: ಯಾರು ರಕ್ಷಣೆ ಹೊಂದುವರೆಂದು ದೇವರು ಮೊದಲೇ ಗೊತ್ತುಮಾಡಿದ್ದಾನೆ, ಹೆತ್ತವರ ಭಕ್ತಿಯಿಂದ ಮಗು ಪಾರಾಗುವುದಿಲ್ಲ. ಹಾಗಾದರೆ ಮಾಡುವುದೇನು? ಓದಿಸುವುದು, ಪ್ರಶ್ನೋತ್ತರ ಬಾಯಿಪಾಠ ಮಾಡಿಸುವುದು, ಮಗುವಿನಲ್ಲಿ ಕೃಪೆಯ ಗುರುತು ಕಾಣುತ್ತದೆಯೇ ಎಂದು ಕಾಯುವುದು. ಎಲ್ಲ ಅವಸರವೂ ಬದುಕಿರುವ ಆ ನಾಲ್ಕು ದಿನಗಳಿಗೆ ಬಂದು ಸೇರಿತು. ಸೂವಲ್ ಮಗನನ್ನು ಹೆದರಿಸಿದ್ದು ಪ್ರೀತಿ ಇಲ್ಲದೆಯಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ವರ್ಷಗಳೇ ಹಿಡಿದವು. ಈಗಲೂ ಅರ್ಧ ಮನಸ್ಸಿನಿಂದಲೇ ಒಪ್ಪುತ್ತೇನೆ.

ನನಗೆ ಈ ದಿನಚರಿಯ ನಂಟು ಹತ್ತಿದ್ದು ಬೇರೊಂದು ಕಾರಣಕ್ಕೆ. ಆ ಮನೆಯಲ್ಲಿ ಸತ್ಯವೇದವನ್ನು ಸರದಿಯಂತೆ ಓದುತ್ತಿದ್ದರು. ಮಗಳು ಎಲಿಜಬೆತ್, ಮನೆಯವರ ಬಾಯಲ್ಲಿ ಬೆಟ್ಟಿ, ಇನ್ನೂ 8 ವರ್ಷದವಳಾಗಿದ್ದಾಗ ಒಂದು ದಿನ ಅವಳ ಪಾಲಿಗೆ ಯೆಶಾಯನ 24ನೆಯ ಅಧ್ಯಾಯ ಬಂತು. ಭೂಮಿಯೆಲ್ಲ ಬರಿದಾಗುವ, ಕುಡುಕನಂತೆ ತೂರಾಡುವ ಅಧ್ಯಾಯ. ಮೈಯಲ್ಲಿ ಬೇರೆ ಹುಷಾರಿಲ್ಲ. ಹುಡುಗಿ ಅಳುತ್ತಲೇ ಓದಿದಳು. ಅಧ್ಯಾಯದಲ್ಲಿದ್ದ ಮಾತಿಗೂ ಮಗಳ ಮೇಲಿನ ಮರುಕಕ್ಕೂ ನನ್ನ ಕಣ್ಣಲ್ಲೂ ನೀರು ಬಂತು ಎಂದು ಅಪ್ಪ ಬರೆಯುತ್ತಾನೆ.

'ಅವಳ ಪಾಲಿಗೆ ಬಂತು' ಎಂಬ ಮಾತಿನಲ್ಲಿ ನಮ್ಮ ಮನೆ ಕಂಡಿತು. ಅಜ್ಜ ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ ತಪ್ಪುವ ಹಾಗಿರಲಿಲ್ಲ. ಒಂದು ಗೀತೆ, ಒಂದು ಅಧ್ಯಾಯ, ಒಬ್ಬೊಬ್ಬರಿಗೆ ಒಂದೊಂದು ವಚನ, ಕೊನೆಗೆ ಅಜ್ಜನ ಉದ್ದ ಪ್ರಾರ್ಥನೆ. ಅಷ್ಟರಲ್ಲಿ ಅಡುಗೆಮನೆಯಿಂದ ಮೀನು ಸಾರಿನ ಪರಿಮಳ. ನಾವು ಮಕ್ಕಳು ಕೂತವರ ತಲೆ ಎಣಿಸಿ ನಮಗೆ ಯಾವ ವಚನ ಬರುತ್ತದೆಂದು ಮೊದಲೇ ಲೆಕ್ಕ ಹಾಕಿ, ಅದೊಂದನ್ನೇ ಒಳಗೊಳಗೆ ಓದಿಟ್ಟುಕೊಳ್ಳುತ್ತಿದ್ದೆವು. ಉಳಿದವರು ಏನು ಓದಿದರೆಂಬುದು ದೇವರಿಗೇ ಗೊತ್ತು. ನೆಹೆಮೀಯನ ಪುಸ್ತಕದ ಹೆಸರುಗಳ ಸಾಲು ಯಾರ ಕೊರಳಿಗೆ ಬೀಳುತ್ತದೆ ಎಂಬುದೇ ಒಂದು ಆಟ. ಕೊನೇ ಗಳಿಗೆಯಲ್ಲಿ ಚಿಕ್ಕಪ್ಪ ಒಳಗೆ ಬಂದು ಕೂತರೆ ಲೆಕ್ಕವೆಲ್ಲ ತಲೆಕೆಳಗು.

ನಮ್ಮೂರಿಗೆ ಈ ಅಭ್ಯಾಸ ಬಂದದ್ದು ಬಾಸ್ಟನ್ನಿನಿಂದಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನ ಪಾದ್ರಿಗಳ ಬೆನ್ನಿಗೆ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಭಕ್ತಿಪಂಥವಿತ್ತು. ಅಲ್ಲಿ ಮನೆಯೊಳಗಿನ ಓದು, ಹಾಡು, ಪ್ರಾರ್ಥನೆ ಬಹಳ ಹಳೆಯ ರೂಢಿ. ಅದರ ಬೇರು ಹುಡುಕಿ ಹೋದರೆ ಸಿಗುವುದು ಪ್ರಾಟೆಸ್ಟಂಟ್ ಮತಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರರು. (ಸೂವಲನಿಗೆ ಏಕವಚನ, ಲೂಥರರಿಗೆ ಬಹುವಚನ ಏಕೆ ಎಂದು ಕೇಳಬೇಡಿ. ಅಜ್ಜನ ಮನೆಯ ಅಭ್ಯಾಸ, ಬಿಡುವುದಿಲ್ಲ.)

1528ರ ಸುಮಾರಿಗೆ ಜರ್ಮನಿಯ ಸ್ಯಾಕ್ಸನಿಯ ಹಳ್ಳಿಗಳ ಸಭೆಗಳನ್ನು ತಪಾಸಣೆ ಮಾಡಲು ಹೋದ ಲೂಥರರು ಕಂಡದ್ದಕ್ಕೆ ಬೆಚ್ಚಿಬಿದ್ದರು. ಹಳ್ಳಿಯ ಜನರಿಗೆ ಏನೂ ಗೊತ್ತಿಲ್ಲ, ಕಲಿಸಬೇಕಾದ ಪಾದ್ರಿಗಳಲ್ಲೂ ಎಷ್ಟೋ ಮಂದಿ ಕಲಿಸಲು ಲಾಯಕ್ಕಿಲ್ಲ. ಹಾಗಾಗಿ 1529ರಲ್ಲಿ ಕಿರಿಯ ಕ್ಯಾಟೆಕಿಸಂ ಎಂಬ ಪ್ರಶ್ನೋತ್ತರ ಪಾಠ ಬಂತು. ಅದು ಮೊದಲು ಬಂದದ್ದು ಪುಸ್ತಕವಾಗಿ ಅಲ್ಲ, ಗೋಡೆಗೆ ಅಂಟಿಸುವ ಹಾಳೆಗಳಾಗಿ. ಪ್ರತಿ ಭಾಗದ ತಲೆಬರಹದಲ್ಲೂ ಮನೆಯ ಯಜಮಾನ ತನ್ನ ಮನೆಯವರಿಗೆ ಇದನ್ನು ಸರಳವಾಗಿ ಕಲಿಸಬೇಕಾದ ರೀತಿ ಎಂದೇ ಇದೆ. ಯಜಮಾನ ಅಂದಾಗ ಬರೀ ಮಕ್ಕಳ ಅಪ್ಪನಲ್ಲ. ಆಳುಕಾಳು, ಕೆಲಸದ ಹುಡುಗಿಯರೂ ಅವನ ಲೆಕ್ಕದೊಳಗೇ. ಆಜ್ಞೆಯೊಂದನ್ನು ಹೇಳಿಸು, ಆಮೇಲೆ ಕೇಳು: ಇದೇನು? ಜರ್ಮನ್ ಮಾತಿನಲ್ಲೂ ಅಷ್ಟೇ ಚಿಕ್ಕ ಪ್ರಶ್ನೆ. ಕೂಸು ಸಿಕ್ಕಿದ್ದನ್ನೆಲ್ಲ ತೋರಿಸಿ ಕೇಳುತ್ತದಲ್ಲ, ಆ ಧಾಟಿ. ಕಲಿಯಲು ಒಲ್ಲೆ ಎನ್ನುವವರಿಗೆ ಅನ್ನನೀರು ಕೊಡಬೇಡಿ ಎಂದು ಮುನ್ನುಡಿಯಲ್ಲಿ ಬರೆದವರೂ ಅವರೇ. ಮೀನು ಸಾರಿನ ಮುಂದೆ ಕಾದು ಕೂತವರಿಗೆ ಈ ಸಾಲು ಚೆನ್ನಾಗಿ ಅರ್ಥವಾಗುತ್ತದೆ.

ಇಷ್ಟು ಮಾಡಿಯೂ ಆದದ್ದೆಷ್ಟು? ಆಮೇಲಿನ ದಶಕಗಳ ತಪಾಸಣಾ ವರದಿಗಳಲ್ಲೂ ಅದೇ ದೂರು ಮತ್ತೆ ಮತ್ತೆ ಬರುತ್ತದೆ: ಜನ ಬರುವುದಿಲ್ಲ, ಕಲಿಯುವುದಿಲ್ಲ, ಕಲಿತದ್ದು ನೆನಪಿಟ್ಟುಕೊಳ್ಳುವುದಿಲ್ಲ.

ಲೂಥರರ ಸ್ವಂತ ಬಾಲ್ಯದಲ್ಲಿ ಬೆತ್ತ ಧಾರಾಳವಾಗಿತ್ತು. ಒಂದು ಕಾಯಿಯ ಬೀಜಕ್ಕಾಗಿ ಅಮ್ಮ ರಕ್ತ ಬರುವಂತೆ ಹೊಡೆದದ್ದನ್ನು ಅವರು ದೊಡ್ಡವರಾದ ಮೇಲೂ ಊಟದ ಮೇಜಿನಲ್ಲಿ ನೆನೆದಿದ್ದಾರೆ. ಬೆತ್ತದ ಪಕ್ಕದಲ್ಲಿ ಸೇಬೂ ಇರಬೇಕು ಎಂಬುದು ಅವರು ಅದರಿಂದ ಕಂಡುಕೊಂಡ ಪಾಠ. 1530ರಲ್ಲಿ ಕೋಬರ್ಗ್ ಕೋಟೆಯಲ್ಲಿ ಉಳಿದುಕೊಂಡಿದ್ದಾಗ 4 ವರ್ಷದ ಮಗ ಹಾನ್ಸನಿಗೆ ಒಂದು ಕಾಗದ ಬರೆದರು. ನನಗೆ ಒಂದು ಚಂದದ ತೋಟ ಗೊತ್ತು, ಅಲ್ಲಿ ಜರಿ ಅಂಗಿ ತೊಟ್ಟ ಮಕ್ಕಳು ಮರದ ಕೆಳಗೆ ಸೇಬು, ಪೇರ್, ಚೆರಿ ಹೆಕ್ಕುತ್ತಾರೆ, ಚಿನ್ನದ ಕಡಿವಾಣ, ಬೆಳ್ಳಿಯ ಜೀನು ಇರುವ ಪುಟ್ಟ ಕುದುರೆಗಳಿವೆ. ಪ್ರಾರ್ಥಿಸುವ, ಓದುವ, ಒಳ್ಳೆಯ ಮಕ್ಕಳಾದರೆ ನೀನೂ, ನಿನ್ನ ಗೆಳೆಯರಾದ ಲಿಪ್ಪುಸ್, ಯೋಸ್ಟ್ ಇಬ್ಬರೂ ಬರಬಹುದಂತೆ. ಲೇನೆ ಅಜ್ಜಿಯನ್ನೂ ಕರೆತರಬಹುದಂತೆ. ಪೀಪಿ, ಡೋಲು, ಪುಟ್ಟ ಬಿಲ್ಲುಗಳೂ ಇವೆಯಂತೆ. ಪರಲೋಕವೆಂಬ ಪದವನ್ನೇ ಎತ್ತದೆ ಪರಲೋಕದ ಆಸೆ ಹುಟ್ಟಿಸುವ ಕಾಗದ.

ಇದೇ ಮನುಷ್ಯ ಮುಂದೊಮ್ಮೆ ಮಗನ ತಪ್ಪಿಗೆ ಮೂರು ದಿನ ಅವನ ಮುಖ ನೋಡಲಿಲ್ಲ. 1542ರಲ್ಲಿ 13 ವರ್ಷದ ಮಗಳು ಮಗ್ದಲೇನ ಸಾಯುವ ಹೊತ್ತಿಗೆ ಮಂಚದ ಪಕ್ಕ ಮೊಣಕಾಲೂರಿ ಕೇಳಿದರು: ಈ ಅಪ್ಪನ ಹತ್ತಿರ ಇರುತ್ತೀಯಾ ಮಗಳೇ, ಅಲ್ಲಿರುವ ಅಪ್ಪನ ಹತ್ತಿರ ಹೋಗುತ್ತೀಯಾ? ದೇವರ ಚಿತ್ತದಂತೆ ಆಗಲಿ ಅಪ್ಪಾ ಅಂದಳು. ಕ್ಯಾಟೆಕಿಸಮ್ಮಿನ ಉತ್ತರದಷ್ಟೇ ಸರಿಯಾದ ಉತ್ತರ. ಅಪ್ಪನಿಗೆ ಮಾತ್ರ ಅಳು ನಿಲ್ಲಲಿಲ್ಲ.

ತೋಟದಿಂದ ಬಾಸ್ಟನ್ನಿಗೆ ಬರುವಷ್ಟರಲ್ಲಿ ಬಹಳ ಕಾಲ ಕಳೆದಿತ್ತು. ಅಲ್ಲಿ ಮನೆಯ ಪಾಠ ಕಾನೂನೇ ಆಗಿತ್ತು. ಮಕ್ಕಳಿಗೆ ಓದು ಕಲಿಸುತ್ತಿದ್ದಾರೆಯೇ ಎಂದು ನೋಡಿಕೊಳ್ಳಬೇಕೆಂದು ಮ್ಯಾಸಚುಸೆಟ್ಸ್ ವಸಾಹತು 1642ರಲ್ಲೇ ಕಟ್ಟಳೆ ಮಾಡಿತು. 1647ರ ಇನ್ನೊಂದು ಕಾನೂನು, ಜನರಿಗೆ ಸತ್ಯವೇದ ತಿಳಿಯದಂತೆ ಮಾಡುವುದೇ ಆ ಹಳೆಯ ಮೋಸಗಾರ ಸೈತಾನನ ಉಪಾಯ ಎಂದು ಶುರುವಾಗಿ, 50 ಮನೆಗಳಿರುವ ಊರು ಒಬ್ಬ ಉಪಾಧ್ಯಾಯನನ್ನು ಇಡಬೇಕು ಎನ್ನುತ್ತದೆ. ಅಕ್ಷರ ಕಲಿಯುವ ಪುಸ್ತಕದಲ್ಲೂ ಅದೇ ಉಸಿರು. ಬೆಂಜಮಿನ್ ಹ್ಯಾರಿಸ್ 1690ರ ಸುಮಾರಿಗೆ ಬಾಸ್ಟನ್ನಿನಲ್ಲಿ ಹೊರತಂದ ಬಾಲಬೋಧೆಯಲ್ಲಿ 'ಎ' ಅಂದರೆ ಆದಾಮ: ಅವನು ಬಿದ್ದದ್ದರಲ್ಲಿ ನಾವೆಲ್ಲ ಪಾಪಿಗಳಾದೆವು. ನಮಗೆ ಅ ಅಂದರೆ ಅರಸ, ಆ ಅಂದರೆ ಆನೆ. ನಮ್ಮ ಮೊದಲ ಪಾಠದಲ್ಲಿ ಯಾರೂ ಬೀಳಲಿಲ್ಲ, ಪುಣ್ಯ.

ಆದಾಮ ಪುಸ್ತಕದಿಂದ ಇಳಿದು ಮನೆಯೊಳಗೂ ಬರುತ್ತಿದ್ದ. 1692ರ ನವೆಂಬರ್ 6ರಂದು ಸೂವಲನ 4 ವರ್ಷದ ಮಗ ಜೋಸೆಫ್ ಹಿತ್ತಾಳೆಯ ಗುಬುಟೊಂದನ್ನು ಎಸೆದು ಅಕ್ಕ ಬೆಟ್ಟಿಯ ಹಣೆಗೆ ಹೊಡೆದ. ರಕ್ತ ಬಂದು ಹಣೆ ಊದಿತು. ಅದರ ಜೊತೆಗೆ ಪ್ರಾರ್ಥನೆಯ ಹೊತ್ತಿಗೆ ಆಟ, ಸ್ತೋತ್ರ ಹೇಳುವಾಗ ತಿನ್ನುವುದು, ಅಪರಾಧಪಟ್ಟಿ ಉದ್ದವಾಗಿತ್ತು. ಅಜ್ಜಿ ಕರೆದಳು, ಅಪ್ಪ ಹೋದ. ಹುಡುಗ ತೊಟ್ಟಿಲ ತಲೆಭಾಗದ ಹಿಂದೆ ಅಡಗಲು ನೋಡಿದ. ಚೆನ್ನಾಗಿಯೇ ಬಾರಿಸಿದೆ ಎಂದು ಬರೆದ ಅಪ್ಪ, ಅವನು ಅಡಗಿದ್ದನ್ನು ಕಂಡು ಆದಾಮನ ನಡವಳಿಕೆ ನೆನಪಾಗಿ ಮನಸ್ಸು ನೊಂದಿತು ಎಂದೂ ಬರೆಯುತ್ತಾನೆ. ತೋಟದಲ್ಲಿ ದೇವರ ಸಪ್ಪಳ ಕೇಳಿ ಮರಗಳ ಹಿಂದೆ ಅಡಗಿದ ಆದಾಮ. ಆ ಹೋಲಿಕೆಯಲ್ಲಿ ದೇವರ ಜಾಗದಲ್ಲಿ ನಿಂತವನು ತಾನೇ ಎಂಬುದು ಸೂವಲನಿಗೆ ಹೊಳೆಯಿತೋ ಇಲ್ಲವೋ.

ಆ ತಾರೀಖು ನೋಡಿ. ಅದಕ್ಕೆ ಒಂದು ವಾರ ಮುಂಚೆಯಷ್ಟೇ ಬಾಸ್ಟನ್ನಿಗೆ ಹತ್ತಿರದ ಸೇಲಂ ಊರಿನ ಮಾಟಗಾತಿ ಮೊಕದ್ದಮೆಗಳ ವಿಶೇಷ ನ್ಯಾಯಾಲಯ ಮುಚ್ಚಿತ್ತು. ಅದರ ನ್ಯಾಯಾಧೀಶರಲ್ಲಿ ಸೂವಲನೂ ಒಬ್ಬ. 19 ಮಂದಿಯನ್ನು ಗಲ್ಲಿಗೇರಿಸಿದ್ದರು, ಬಾಯಿಬಿಡದ ಒಬ್ಬ ಮುದುಕ ಮೈಮೇಲೆ ಕಲ್ಲು ಹೇರಿಸಿಕೊಂಡು ಸತ್ತಿದ್ದ. ಇಡೀ ಪ್ರಕರಣ ಹೊತ್ತಿಕೊಂಡದ್ದು ಎಲ್ಲಿ? ಒಬ್ಬ ಪಾದ್ರಿಯ ಮನೆಯಲ್ಲಿ. ಸ್ಯಾಮ್ಯುಯೆಲ್ ಪ್ಯಾರಿಸನ 9 ವರ್ಷದ ಮಗಳು, ಜೊತೆಗೆ 11 ವರ್ಷದ ಅಬಿಗೈಲ್ ವಿಲಿಯಮ್ಸ್. ಮೂರು ಹೊತ್ತೂ ಸೈತಾನನ ಮಾತು ಕೇಳಿ ಬೆಳೆದ ಮಕ್ಕಳು ಕೊನೆಗೆ ಅವನನ್ನು ಕಂಡೇಬಿಟ್ಟರು. ಕಂಡೆವು ಅಂದಾಗ ದೊಡ್ಡವರು ನಂಬಿದರು. 4-5 ವರ್ಷದ ಡೊರೊಥಿ ಗುಡ್ ಎಂಬ ಕೂಸನ್ನೂ ಆರೋಪಿಯೆಂದು ಸೆರೆಯಲ್ಲಿಟ್ಟರು. ಜೋಸೆಫನ ಓರಗೆಯವಳು.

ಇಲ್ಲಿ ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕುವುದು ಸುಲಭ, ಆದರೆ ತಪ್ಪಾಗುತ್ತದೆ. ಸೇಲಂ ವಿಚಾರಣೆಯನ್ನು ಸಮರ್ಥಿಸಿ ಬರೆದ ಪಾದ್ರಿ ಕಾಟನ್ ಮೇದರ್ ಸ್ವಂತ ಮಕ್ಕಳಿಗೆ ಹೊಡೆಯುವುದನ್ನು ಆದಷ್ಟೂ ಒಲ್ಲೆ ಅನ್ನುತ್ತಿದ್ದ. ಅಪ್ಪನಿಗೆ ತಮ್ಮ ಮೇಲೆ ಬಹಳ ಪ್ರೀತಿ ಎಂದು ಮಕ್ಕಳಿಗೆ ಮೊದಲು ಮನವರಿಕೆಯಾಗಬೇಕು. ಸ್ವಲ್ಪ ಹೊತ್ತು ಅಪ್ಪನ ಕಣ್ಣೆದುರಿನಿಂದ ಆಚೆ ಕಳಿಸುವುದೇ ದೊಡ್ಡ ಶಿಕ್ಷೆಯಾಗಬೇಕು ಎಂಬುದು ಅವನ ಲೆಕ್ಕ. ಅವನೇ ಪುಟ್ಟ ಮಗಳು ಕೇಟಿಯನ್ನು ಓದುವ ಕೋಣೆಗೆ ಕರೆದು, ನಾನು ಬೇಗ ಸಾಯುತ್ತೇನೆ, ಈಗ ಹೇಳುವುದನ್ನು ಆಗ ನೆನೆದುಕೋ ಎಂದು ಹೇಳಿ ಇಬ್ಬರೂ ಅತ್ತರು. ಅವನು 1728ರವರೆಗೆ ಬದುಕಿದ. ಕೇಟಿ 1716ರಲ್ಲೇ ತೀರಿಕೊಂಡಳು.

ಸೂವಲನ ಮನೆಗೆ ಮರಳೋಣ. ಬೆಟ್ಟಿ ಬೆಳೆದಳು, ಜೊತೆಗೆ ಭಯವೂ ಬೆಳೆಯಿತು. 1696ರ ಜನವರಿ 13ರಂದು, 14ನೆಯ ವಯಸ್ಸಿನಲ್ಲಿ, ಊಟವಾದ ಸ್ವಲ್ಪ ಹೊತ್ತಿಗೆ ಅವಳು ಇದ್ದಕ್ಕಿದ್ದಂತೆ ಹೋ ಎಂದು ಅತ್ತಳು. ಮನೆಮಂದಿಯೆಲ್ಲ ಅವಳ ಜೊತೆ ಅತ್ತರು. ನರಕಕ್ಕೆ ಹೋಗುತ್ತೇನೆ, ನನ್ನ ಪಾಪ ಕ್ಷಮಿಸಲ್ಪಟ್ಟಿಲ್ಲ. ನೀವು ನನ್ನನ್ನು ಹುಡುಕುವಿರಿ, ಆದರೆ ನಿಮ್ಮ ಪಾಪದಲ್ಲೇ ಸಾಯುವಿರಿ ಎಂಬ ಯೋಹಾನನ ವಚನ ತಲೆಯಲ್ಲಿ ಸುತ್ತುತ್ತಿತ್ತು. ಪ್ರಾರ್ಥನೆ ಮಾಡುತ್ತೀಯಾ ಎಂದು ಅಮ್ಮ ಕೇಳಿದಳು. ಮಾಡುತ್ತೇನೆ, ಆದರೆ ಕೇಳಿಸುತ್ತಿಲ್ಲವೇನೋ ಎಂದು ಭಯ ಅಂದಳು ಮಗಳು. ಸಭಾಪಾಲಕ ವಿಲ್ಲರ್ಡ್ ಬಂದು ಪ್ರಾರ್ಥಿಸಿಹೋದ. ಮುಂದಿನ ತಿಂಗಳುಗಳಲ್ಲೂ ಅಪ್ಪ ಬರೆಯುತ್ತಾನೆ: ಅಳುವಿನಿಂದ ಬೆಟ್ಟಿಗೆ ತನ್ನ ಅಧ್ಯಾಯ ಓದಲಾಗುತ್ತಿಲ್ಲ.

ಅವಳು ಪಾಠ ಕಲಿಯದೆ ಅತ್ತವಳಲ್ಲ, ಹೇಳಿಕೊಟ್ಟದ್ದನ್ನು ಅಕ್ಷರಕ್ಷರ ನಂಬಿ ಅತ್ತವಳು. ಸರದಿಯ ಓದಿನ ವಿಚಿತ್ರವೇ ಇದು. ವಚನವನ್ನು ಅಪ್ಪ ಆರಿಸಿ ಕೊಡುವುದಿಲ್ಲ, ಕ್ರಮ ಆರಿಸುತ್ತದೆ. ಸಮಾಧಾನದ ವಚನ ಬೇಕಾದ ದಿನ ಯೆಶಾಯನ ತೀರ್ಪು ಬರುತ್ತದೆ. ಮಗುವಿನ ಬಾಯಿಗೆ ಪುಸ್ತಕ ಕೊಟ್ಟಾದ ಮೇಲೆ ಅದು ಏನು ನುಡಿಯುತ್ತದೆ, ಯಾರಿಗೆ ತಗಲುತ್ತದೆ ಎಂಬುದು ಯಜಮಾನನ ಕೈಯಲ್ಲಿರುವುದಿಲ್ಲ.

ಅದೇ ವರ್ಷದ ಡಿಸೆಂಬರ್ 23ರಂದು 2 ವರ್ಷದ ಮಗಳು ಸಾರಾ ತೀರಿಕೊಂಡಳು. ಮರುದಿನ, ಇನ್ನೂ ಮಣ್ಣು ಮಾಡಿರಲಿಲ್ಲ, ಸ್ಯಾಮ್ ಅಪ್ಪನ ಮುಂದೆ ಲ್ಯಾಟಿನ್ ಪಾಠ ಒಪ್ಪಿಸಿದ. ಸೇಬಿನ ಹುಡುಗನಿಗೆ ಈಗ 18. ಮತ್ತಾಯನ 12ನೆಯ ಅಧ್ಯಾಯ, 6ರಿಂದ 12ನೆಯ ವಚನ. ಏಳನೆಯದು ಹೀಗಿದೆ: ನನಗೆ ಕರುಣೆ ಬೇಕು, ಯಜ್ಞ ಬೇಡ ಎಂಬುದರ ಅರ್ಥ ನಿಮಗೆ ತಿಳಿದಿದ್ದರೆ ನಿರಪರಾಧಿಗಳನ್ನು ಅಪರಾಧಿಗಳೆಂದು ತೀರ್ಪು ಮಾಡುತ್ತಿರಲಿಲ್ಲ. ಈ ವಚನ ಸೇಲಂ ದುರಂತವನ್ನು ಭಯಂಕರವಾಗಿ ನೆನಪಿಗೆ ತಂದಿತು ಎಂದು ಸೂವಲ್ ಬರೆದ. ಹುಡುಗ ಬೇಕೆಂದೇ ಆರಿಸಿದನೇ? ನನಗೇನೋ ಅನಿಸುವುದು, ಅವನಿಗೆ ಲ್ಯಾಟಿನ್ ತಪ್ಪಿಲ್ಲದೆ ಒಪ್ಪಿಸಿದರೆ ಸಾಕಾಗಿತ್ತು.

25ರಂದು ಮಗುವನ್ನು ಕುಟುಂಬದ ಸಮಾಧಿಯಲ್ಲಿಟ್ಟರು. ಪ್ಯೂರಿಟನ್ನರಿಗೆ ಕ್ರಿಸ್‌ಮಸ್ ಹಬ್ಬವಿರಲಿಲ್ಲ, ಅದೊಂದು ಮಾಮೂಲಿ ದಿನ. ಮೂರು ವಾರ ಕಳೆದು, 1697ರ ಜನವರಿ 14, ಉಪವಾಸದ ದಿನ. ಸೂವಲ್ ಒಂದು ಚೀಟಿ ಬರೆದು ವಿಲ್ಲರ್ಡನ ಕೈಗಿತ್ತ. ಅದನ್ನು ಸಭೆಗೆ ಓದಿ ಹೇಳುವಷ್ಟು ಹೊತ್ತೂ ಎಲ್ಲರೆದುರು ಎದ್ದು ನಿಂತಿದ್ದ, ಮುಗಿದಾಗ ತಲೆಬಾಗಿದ. ನನ್ನ ಮೇಲೂ ನನ್ನ ಕುಟುಂಬದ ಮೇಲೂ ದೇವರ ಏಟು ಮತ್ತೆ ಮತ್ತೆ ಬೀಳುತ್ತಿರುವುದನ್ನು ಅರಿತಿದ್ದೇನೆ, ಸೇಲಂ ನ್ಯಾಯಾಲಯದ ದೋಷವನ್ನೂ ಅವಮಾನವನ್ನೂ ಹೊರಲು ಬಯಸುತ್ತೇನೆ ಎಂದಿತ್ತು ಅದರಲ್ಲಿ. ಮುಖ್ಯ ನ್ಯಾಯಾಧೀಶನಾಗಿದ್ದ ಸ್ಟೌಟನ್ ಕೊನೆಯವರೆಗೂ ಇಂಥ ಮಾತಾಡಲಿಲ್ಲ.

ಮಗುವಿನ ಸಾವನ್ನು ಅಪ್ಪನ ತಪ್ಪಿನ ಲೆಕ್ಕಕ್ಕೆ ಬರೆದುಕೊಳ್ಳುವ ಆ ದೇವಶಾಸ್ತ್ರ ನನಗೆ ಒಪ್ಪಿಗೆಯಿಲ್ಲ. ಸಾರಾ ಏನು ಮಾಡಿದ್ದಳು? ಆದರೂ ಎದ್ದು ನಿಂತ ಆ ಮನುಷ್ಯನನ್ನು ತಳ್ಳಿಹಾಕಲು ಆಗುವುದಿಲ್ಲ. ತೊಟ್ಟಿಲ ಹಿಂದೆ ಅಡಗಿದ್ದ ಜೋಸೆಫ್ 1713ರಲ್ಲಿ ಅದೇ ಸಭೆಯ ಪಾದ್ರಿಯಾದ. ಬೆಟ್ಟಿ ಮದುವೆಯಾಗಿ, ಮಕ್ಕಳನ್ನು ಹೆತ್ತು, 1716ರಲ್ಲಿ ತೀರಿಕೊಂಡಳು.

ನಮ್ಮ ಅಜ್ಜನಿಗೂ ಅವರ ತಮ್ಮನಿಗೂ ಗಡಿಯಲ್ಲಿದ್ದ ಒಂದು ಹಲಸಿನ ಮರದ ವಿಷಯಕ್ಕೆ ಮಾತು ಬಿಟ್ಟು ಹೋಗಿತ್ತು. ಎರಡು ಮನೆಗೂ ನಡುವೆ ಇದ್ದದ್ದು ಒಂದು ಮಣ್ಣಿನ ಕಟ್ಟೆ ಅಷ್ಟೇ. ನನಗೆ ಆಗ ಒಂಬತ್ತೋ ಹತ್ತೋ. ಒಂದು ರಾತ್ರಿ ಮತ್ತಾಯನ 5ನೆಯ ಅಧ್ಯಾಯ ಬಂತು. ನಾನು ಎಂದಿನಂತೆ ತಲೆ ಎಣಿಸಿ ಲೆಕ್ಕ ಹಾಕಿಟ್ಟಿದ್ದೆ. ನನ್ನ ಪಾಲಿಗೆ 24: ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಮೊದಲು ನಿನ್ನ ಸಹೋದರನ ಸಂಗಡ ಒಂದಾಗು. ಒಳಗೊಳಗೆ ನಾಲ್ಕು ಸಲ ಓದಿಟ್ಟುಕೊಂಡದ್ದರಿಂದ ತಡವರಿಸದೆ, ಗಟ್ಟಿಯಾಗಿ, ಸಂಡೇ ಸ್ಕೂಲಿನ ಸ್ಪರ್ಧೆಯಲ್ಲಿ ಹೇಳುವಂತೆ ಓದಿದೆ. ಯಾರೂ ಮುಂದಿನ ವಚನ ಓದಲಿಲ್ಲ. ಅಜ್ಜಿ ಸೆರಗು ಸರಿಮಾಡಿಕೊಂಡರು. ಅಜ್ಜ ಸ್ವಲ್ಪ ಹೊತ್ತು ಪುಸ್ತಕವನ್ನೇ ನೋಡುತ್ತಿದ್ದು, ಸಾಕು, ಪ್ರಾರ್ಥನೆ ಮಾಡುವಾ ಅಂದರು. ಅಂದಿನ ಪ್ರಾರ್ಥನೆ ಬೇಗ ಮುಗಿಯಿತು. ಊಟವೂ ಬೇಗ ಆಯಿತು. ಮರುದಿನ ರಾತ್ರಿ ಅವರು ಮತ್ತಾಯನನ್ನು ಅಲ್ಲಿಗೇ ಬಿಟ್ಟು ಕೀರ್ತನೆಗಳನ್ನು ತೆಗೆದರು. ಹಲಸಿನ ಹಣ್ಣುಗಳು ಆ ವರ್ಷವೂ ಯಾರೂ ಮುಟ್ಟದೆ ಕಟ್ಟೆಯ ಎರಡೂ ಬದಿಗೆ ಉದುರಿ ಕೊಳೆತವು.